ಸೂರ್ಯನಿಗೆ ಮೇಣ ಮೆತ್ತಿದ ಸೊಣ್ಣಪ್ಪ

ಬೈರಕೂರು
23-12-2024

ಅಮ್ಮಾಯಿ ಅನಿತಾಳಿಗೆ,

ರೇಷ್ಮೆಹುಳುಗಳು ಪೊರೆ ಕಳಚಿ ಎರಡನೇ ಜ್ವರ ಬಿಟ್ಟು ಎದ್ದು ಸೊಪ್ಪು ತಿನ್ನುತ್ತಿವೆ. ನಿಮ್ಮತ್ತೆ ಬೈರಮ್ಮ ನನ್ನ ತಲೆ ತಿನ್ನುತ್ತಿದ್ದಾಳೆ. ಒಟ್ಟಿನಲ್ಲಿ ಮನೆಯಲ್ಲಿ ಎಲ್ಲರಿಗೂ ಹೊಟ್ಟೆ ತುಂಬಿದೆ.

ನಿನ್ನ ಶಿಷ್ಯೆ ಅಲ್ಫಿಯಾ ನಿನ್ನೆ ಶ್ರೀನಿವಾಸಪುರದಿಂದ ಬಸ್ಸಿನಲ್ಲಿ ಬಂದು ಡಬ್ಬಿ ಕಟ್ಟಿ ಹೋದಳು. ಹುಳುಮನೆ ಮುಂದಿನ ಕಲ್ಲುಕಂಬಕ್ಕೆ, ಪೂರ್ವಕ್ಕೆ ಮುಖ ಮಾಡಿ ತಂತಿ ಬಿಗಿದಿದ್ದಾಳೆ. ನನಗೆ ಸಮಾಧಾನವಾಗದೆ ಮೇಲಿನಿಂದ ಇನ್ನೂ ಎರಡು ಸುತ್ತು ಹಾಕಿದೆ. ಇನ್ನು ಆನೆ ಬಂದು ಎಳೆದರೂ ಕಂಬ ಹೋದೀತು, ಡಬ್ಬಿ ಹೋಗದು.

ಆದರೆ ಇದು ಕ್ಯಾಮೆರಾ ಅಂದರೆ ಯಾರು ನಂಬುತ್ತಾರೆ? ಪಕ್ಕದ ತೋಟದ ಕದಿರೇಶ ಬಂದು ಸುತ್ತಮುತ್ತ ನೋಡಿ, "ಏಮಿ ಮಾಮಾ ಇದಿ, ಬಾಂಬಾ?" ಅಂದ.

"ಬಾಂಬಲ್ಲ ಕಣೋ, ನಮ್ಮ ಅಕ್ಕನ ಮಗಳ ಕ್ಯಾಮೆರಾ. ಕೋಲಾರದ ಕಾಲೇಜಲ್ಲಿ ಫೋಟೋ ಪಾಠ ಹೇಳೋ ಮೇಡಂ ಅವಳು. ಇದನ್ನ ಕಾಯೋ ಯೋಗ್ಯತೆ ಇಡೀ ಮುಳಬಾಗಿಲು ತಾಲ್ಲೂಕಲ್ಲಿ ನಂಗೊಬ್ಬನಿಗೇ ಇರೋದು ಅಂತ ಕಳಿಸವ್ಳೆ" ಅಂದೆ.

ಗುಂಡಿ ಇಲ್ಲ, ಗಾಜಿಲ್ಲ, ಹಾಲುಪುಡಿಯ ಹಳೇ ಡಬ್ಬಿ. ಜೂನ್ ತಿಂಗಳವರೆಗೆ ಯಾರೂ ಮುಟ್ಟಬಾರದಂತೆ. ಏಳನೇ ಕ್ಲಾಸಿನಲ್ಲಿ ಇಡೀ ಹೋಬಳಿಗೇ ಮೊದಲು ಬಂದವನು ನಾನು. ನನಗೇ ತಿಳಿಯಲಿಲ್ಲ ಅಂದರೆ ಉಳಿದವರ ಗತಿ ಏನು? ಬಿಡಿಸಿ ಬರೆ. ತಿಂಗಳಿಗೊಂದು ಕಾಗದ ಬರೆಯಬೇಕು ಅಂತ ಹುಡುಗಿ ಹೇಳಿ ಹೋಗಿದ್ದಾಳೆ. ಅದಕ್ಕೇನು, ಬರೆಯೋಣ. ನನ್ನ ಅಕ್ಷರ ನೋಡಿಯೇ ನಮ್ಮ ಮೇಷ್ಟ್ರು ನನಗೆ ಹೊಡೆಯುವುದನ್ನು ಬಿಟ್ಟಿದ್ದರು.

ನಿನ್ನ ಮಾವ,
ಸೊಣ್ಣಪ್ಪ


ಕೋಲಾರ
2-1-2025

ಮಾವ,

ನಿಮ್ಮ ಅಕ್ಷರವನ್ನು ನಮ್ಮ ವಿದ್ಯಾರ್ಥಿಗಳಿಗೂ ತೋರಿಸಿದೆ. ಹೊಡೆಯುವುದನ್ನು ಬಿಟ್ಟ ಮೇಷ್ಟ್ರು ನಿಜಕ್ಕೂ ಕರುಣಾಳು.

ಡಬ್ಬಿಯ ವಿಷಯ ಹೀಗಿದೆ. ಅದರೊಳಗೆ ಫೋಟೋ ಕಾಗದ ಸುತ್ತಿಟ್ಟಿದ್ದೇವೆ. ದಿನವೂ ಒಂದಿಷ್ಟು ಬೆಳಕು ಅದರ ಮೇಲೆ ಬೀಳುತ್ತದೆ. ಸೂರ್ಯ ತಾನು ಆಕಾಶದಲ್ಲಿ ನಡೆದ ದಾರಿಯನ್ನು ದಿನಕ್ಕೊಂದು ಗೆರೆಯಾಗಿ ಎಳೆಯುತ್ತಾನೆ. ಡಿಸೆಂಬರಿನಲ್ಲಿ ದಕ್ಷಿಣಕ್ಕೆ ವಾಲಿದವನು ಜೂನ್ ಹೊತ್ತಿಗೆ ಉತ್ತರಕ್ಕೆ ಸರಿದಿರುತ್ತಾನಲ್ಲ, ಆ ಅಷ್ಟೂ ಪಯಣ ಒಂದೇ ಚಿತ್ರದಲ್ಲಿ ಬರುತ್ತದೆ. ಆದರೆ ಓಡಾಡುವುದು ಯಾವುದೂ ಅದರಲ್ಲಿ ಕಾಣುವುದಿಲ್ಲ. ಬಸ್ಸು, ಹಸು, ಕದಿರೇಶ, ಯಾರೂ ಇರುವುದಿಲ್ಲ. ಒಂದೇ ಕಡೆ ಇದ್ದದ್ದು ಮಾತ್ರ ಉಳಿಯುತ್ತದೆ. ಅದಕ್ಕೇ ನಿಮ್ಮ ಕಾಗದ ಬೇಕಾಗಿರುವುದು. ಡಬ್ಬಿಗೆ ಕಾಣದ್ದನ್ನು ನೀವು ಬರೆಯಿರಿ. ಕೊನೆಗೆ ಕಾಲೇಜಿನಲ್ಲಿ ಇಡುವ ಪ್ರದರ್ಶನದಲ್ಲಿ ಚಿತ್ರದ ಪಕ್ಕದಲ್ಲೇ ಅದನ್ನೂ ತೂಗುಹಾಕುತ್ತೇವೆ.

ನಾಲ್ಕು ತಾಲ್ಲೂಕಿಗೆ ನಾಲ್ಕು ಡಬ್ಬಿ ಇಟ್ಟಿದ್ದೇವೆ. ಕೋಲಾರದ ಬೆಟ್ಟದ ಮೇಲೊಂದು, ಮಾಲೂರಿನ ಹೆಂಚಿನ ಕಾರ್ಖಾನೆಯಲ್ಲೊಂದು, ಶ್ರೀನಿವಾಸಪುರದಲ್ಲಿ ಅಲ್ಫಿಯಾಳ ತಂದೆ ಅಬ್ದುಲ್ ಗಫೂರ್ ಅವರ ಮಾವಿನ ಮಂಡಿಯಲ್ಲೊಂದು, ನಿಮ್ಮ ಹತ್ತಿರ ಒಂದು.

ನಿಮ್ಮಿಂದ ಮುಚ್ಚಿಡುವುದೇನು? ಇದು ಬರೀ ಆಟವಲ್ಲ. ನಮ್ಮ ಕಾಲೇಜಿನಲ್ಲಿ ಫೋಟೋ ತೊಳೆಯುವ ಕತ್ತಲೆಕೋಣೆ ಇದೆಯಲ್ಲ, ಅದನ್ನು ಪ್ರಿನ್ಸಿಪಾಲ್ ಮೇಡಂ ಕೇಳುತ್ತಿದ್ದಾರೆ. "ಎಲ್ಲರ ಕೈಯಲ್ಲೂ ಫೋನಿದೆ ಅನಿತಾ, ಇನ್ನೂ ಯಾಕೆ ಇದೆಲ್ಲ? ಆ ಕೋಣೇಲಿ ಉತ್ತರಪತ್ರಿಕೆ ಬೀರುಗಳನ್ನ ಇಡ್ಸೋಣ" ಅಂದರು. ಜೂನ್ ಕೊನೆಯ ಪ್ರದರ್ಶನ ನೋಡಿ ತೀರ್ಮಾನ ಮಾಡುತ್ತಾರಂತೆ. ಕೋಣೆ ಹೋದರೆ ನನ್ನ ಪಾಠವೂ ಹೋದ ಹಾಗೆ.

ಅತ್ತೆ ಹೇಗಿದ್ದಾರೆ? ಇಷ್ಟು ವರ್ಷದಿಂದ ಊರವರ ಫೋಟೋ ತೆಗೆಯುತ್ತಾ ಬಂದೆ. ಅತ್ತೆಯದು ಮಾತ್ರ ಒಂದೂ ಇಲ್ಲ. ಕ್ಯಾಮೆರಾ ಕಂಡರೆ ಮುಖಕ್ಕೆ ಸೆರಗು ಬರುತ್ತದೆ.

ಅನಿತ


ಬೈರಕೂರು
18-1-2025

ಅಮ್ಮಾಯಿ,

ನಿಮ್ಮತ್ತೆ ಆಧಾರ್ ಫೋಟೋದಲ್ಲೇ ಕಣ್ಣು ಮುಚ್ಚಿದ್ದಾಳೆ. ನಮ್ಮ ಮದುವೆ ಫೋಟೋದಲ್ಲಿ ಅವಳ ಕಡೆ ಬರೀ ಮಲ್ಲಿಗೆ ಹೂವಿದೆ. ಅವಳನ್ನು ಬಿಡು. ನಾನಿದ್ದೇನಲ್ಲ!

ಒಂದೇ ಕಡೆ ಇದ್ದದ್ದು ಮಾತ್ರ ಉಳಿಯುತ್ತದೆ ಅಂತ ಬರೆದೆ. ಅಷ್ಟು ಸಾಕು ನನಗೆ. ಡಬ್ಬಿಯ ಎದುರಿಗೆ, ಹೊಂಗೆಮರದ ಕೆಳಗೆ ಚಪ್ಪಡಿಕಲ್ಲು ಇದೆ. ದಿನಾ ಬೆಳಗ್ಗೆ ಮೀಸೆಗೆ ಎಣ್ಣೆ ಹಚ್ಚಿ ಅಲ್ಲಿ ಕೂರುತ್ತಿದ್ದೇನೆ. ನಿಮ್ಮ ಪ್ರಿನ್ಸಿಪಾಲ್ ಬಂದು ನೋಡಿದರೆ ಗೋಡೆ ಮೇಲೆ ನನ್ನ ಮುಖ ಇರಬೇಕು. ಬೀರು ಗೀರು ಎಲ್ಲ ಮರೆತುಬಿಡುತ್ತಾರೆ.

ನಿನ್ನೆ ಬೆಳಗ್ಗೆಯಂತೂ ಅಲ್ಲಾಡಲೇ ಇಲ್ಲ. ನಂಗಲಿ ಕಡೆಯ ಬಸ್ಸಿನಿಂದ ಯಾರೋ ಇಳಿದರು, ಹೋಗಿ ನೋಡಿದರೆ ಕದಿರೇಶನ ಭಾವಮೈದ. ಮೂರನೇ ಸಲ ಹೆಣ್ಣು ನೋಡಲು ಬಂದಿದ್ದಾನೆ, ಹೆಣ್ಣಿನವರ ಮನೆ ದಾರಿಯೇ ಗೊತ್ತಿಲ್ಲ. ತೋರಿಸಿ ಬಂದೆ. ಆಮೇಲೆ ನಾಯಿ ಬೊಗಳಿತು, ಕೆರೆಕಟ್ಟೆಯವರೆಗೆ ಹೋಗಿ ನೋಡಿದೆ, ಏನೂ ಇರಲಿಲ್ಲ. ಉಳಿದಂತೆ ಕಲ್ಲಿನ ಹಾಗೆ ಕೂತಿದ್ದೆ.

ಒಂದು ಮಾತು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. ನಿನ್ನ ಹುಡುಗರ ಕೆಲಸ ಅಷ್ಟಕ್ಕಷ್ಟೆ. ಡಬ್ಬಿಯ ಮುಂಭಾಗದಲ್ಲಿ ಸೂಜಿ ಚುಚ್ಚಿದಷ್ಟು ತೂತು! ಹುಳು ಸಾಕುವವನ ಕಣ್ಣಿಗೆ ತೂತು ತಪ್ಪುತ್ತದೆಯೆ? ನಮ್ಮ ಹುಳುಮನೆಯಲ್ಲಿ ಒಂದು ಸಂದು ಬಿಟ್ಟರೆ ಸಾಕು, ಊಜಿನೊಣ ಒಳಗೆ ಬಂದು ಹುಳುವಿನ ಮೈಮೇಲೆ ಮೊಟ್ಟೆಯಿಟ್ಟು ಬೆಳೆಯನ್ನೇ ಮುಗಿಸುತ್ತದೆ. ಅದಕ್ಕೇ ಸಂಕ್ರಾಂತಿಯ ಹಿಂದಿನ ದಿನವೇ ಮೇಣದಬತ್ತಿ ಕರಗಿಸಿ ಒಂದು ತೊಟ್ಟು ಮೆತ್ತಿದೆ. ಈಗ ಗಾಳಿಯೂ ಒಳಗೆ ಹೋಗದು. ಡಬ್ಬಿ ನನ್ನ ಕೈಗೆ ಬಂದದ್ದು ನಿನ್ನ ಪುಣ್ಯ.

ಮಾವ


ಕೋಲಾರ
25-1-2025
(ಅಲ್ಫಿಯಾಳ ಕೈಯಲ್ಲಿ)

ಮಾವ,

ಆ ತೂತೇ ಕ್ಯಾಮೆರಾ.

ಬೆಳಕು ಒಳಗೆ ಹೋಗಲು ಇರುವ ದಾರಿ ಅದೊಂದೇ. ಮೇಣ ಮೆತ್ತಿದ ದಿನದಿಂದ ನಮ್ಮ ಡಬ್ಬಿ ಕುರುಡಾಗಿ ಕೂತಿದೆ. ನಿಮ್ಮ ಫೋನಿಗೆ ಮಾಡಿದೆ, ಎಂದಿನಂತೆ ಆಫ್ ಆಗಿದೆ. ಅದಕ್ಕೇ ಅಲ್ಫಿಯಾಳನ್ನು ಬೆಳಗಿನ ಬಸ್ಸಿಗೆ ಹತ್ತಿಸಿದ್ದೇನೆ. ದಯವಿಟ್ಟು ಪಿನ್ನು, ಸೂಜಿ ಏನೂ ಚುಚ್ಚಬೇಡಿ, ತೂತು ದೊಡ್ಡದಾದರೆ ಚಿತ್ರ ಹಾಳಾಗುತ್ತದೆ. ಮೇಣವನ್ನು ಉಗುರಿನಲ್ಲಿ ಮೆಲ್ಲಗೆ ಎಬ್ಬಿಸಿ. ನೀವಲ್ಲ, ಅತ್ತೆಯ ಕೈಯಲ್ಲಿ ಮಾಡಿಸಿ.

ನಿಮ್ಮನ್ನು ಬೈಯುತ್ತಿಲ್ಲ. ಅಷ್ಟುದ್ದ ಕಾಗದ ಬರೆದು ತೂತಿನ ಮಾತನ್ನೇ ಬಿಟ್ಟಿದ್ದೇನೆ. ಪಾಠ ಹೇಳುವವರಿಗೆ ಇದೊಂದು ರೋಗ. ತಮಗೆ ಗೊತ್ತಿರುವುದು ಎಲ್ಲರಿಗೂ ಗೊತ್ತು ಅಂದುಕೊಳ್ಳುವುದು.

ಅನಿತ


ಬೈರಕೂರು
6-2-2025

ಅಮ್ಮಾಯಿ,

ಮೇಣ ಬಂತು. ರಾಗಿಕಾಳಿನಷ್ಟು, ಇಡಿಯಾಗಿ. ನಿಮ್ಮತ್ತೆ ಉಸಿರು ಬಿಗಿಹಿಡಿದು ತೆಗೆದಳು. ನಾನು ಬೇಕಾದ ಸಲಹೆಯನ್ನೆಲ್ಲ ಕೊಟ್ಟೆ. ಅಲ್ಫಿಯಾ ಬಗ್ಗಿ ನೋಡಿ, "ತೂತು ಹಾಗೇ ಇದೆ ಮಾಮಾ" ಅಂದ ಮೇಲೆ ಎಲ್ಲರೂ ಅವರೆಕಾಳು ಹುಳಿಯಲ್ಲಿ ಮುದ್ದೆ ಉಂಡೆವು.

ಊಟಕ್ಕೆ ಕೂತಾಗ ಕೇಳಿದೆ. "ಏನಮ್ಮ, ನಿಮ್ಮ ಮೇಡಂ ತುಂಬಾ ಜೋರಾ?"

"ಜೋರೇನಿಲ್ಲ ಮಾಮಾ. ಆದ್ರೆ ನಾವು ಏನೇ ಫೋಟೋ ತಗೊಂಡ್ಹೋದ್ರೂ ಚೆನ್ನಾಗಿದೆ ಅಂತ ಹೇಳಲ್ಲ, ಚೆನ್ನಾಗಿಲ್ಲ ಅಂತಾನೂ ಹೇಳಲ್ಲ. 'ಇಲ್ಲಿ ಎಷ್ಟು ಹೊತ್ತು ನಿಂತಿದ್ದೆ?' ಅಂತ ಕೇಳ್ತಾರೆ, ಅಷ್ಟೆ. ಸುಳ್ಳು ಹೇಳಿದ್ರೆ ಫೋಟೋ ನೋಡೇ ಗೊತ್ತಾಗ್ಬಿಡುತ್ತೆ ಅವ್ರಿಗೆ."

ಮೊದಲ ತಿಂಗಳು ನೀನು ಅವರಿಗೆ ಕ್ಯಾಮೆರಾವನ್ನೇ ಕೊಡುವುದಿಲ್ಲವಂತೆ. ಒಂದು ರಟ್ಟಿಗೆ ಕಿಟಕಿ ಕತ್ತರಿಸಿ, ಅದರಲ್ಲೇ ಊರು ನೋಡಿಕೊಂಡು ಬನ್ನಿ ಅನ್ನುತ್ತೀಯಂತೆ. ಸಂತೆಯಲ್ಲಿ ರಟ್ಟು ಹಿಡಿದು ನಿಂತ ಹುಡುಗಿಯನ್ನು ನೋಡಿ ಜನ ನಕ್ಕರಂತೆ, ನೀನೂ ಹೋಗಿ ಪಕ್ಕದಲ್ಲಿ ಇನ್ನೊಂದು ರಟ್ಟು ಹಿಡಿದು ನಿಂತೆಯಂತೆ. ನಿಮ್ಮತ್ತೆ ಇದನ್ನು ಕೇಳಿ ತುತ್ತು ಕೈಯಲ್ಲೇ ಹಿಡಿದುಕೊಂಡು ಕೂತಿದ್ದಳು. ಆಮೇಲೆ ಕೇಳಿದ್ದು ಒಂದೇ. "ಆ ಕೋಣೆ ತಗೊಂಡ್ಬಿಟ್ರೆ ಈ ಮಕ್ಳು ಎಲ್ಲಿಗೆ ಹೋಗ್ತಾರೆ?"

ನಿನ್ನ ಪಾಠದಿಂದ ನನಗೊಂದು ತೊಂದರೆ ಬಂದಿದೆ. ಅವತ್ತಿನಿಂದ ಬೈರಮ್ಮ ತನ್ನ ಕೆಲಸವನ್ನೆಲ್ಲ ಒಳಜಗಲಿಯಿಂದ ಎತ್ತಿಕೊಂಡು ನನ್ನ ಚಪ್ಪಡಿಕಲ್ಲಿಗೆ ಬಂದಿದ್ದಾಳೆ! ಮೊರ, ಮಂಕರಿ, ಅವರೆಕಾಯಿ, ಎಲ್ಲ. ನಾನು ಮತ್ತೆ ಏನಾದರೂ ಮೆತ್ತಿಬಿಡುತ್ತೇನೆ ಅಂತ ಕಾವಲು. "ಲೇ, ಅದು ನಾನು ಫೋಟೋಗೆ ಕೂರೋ ಜಾಗ ಕಣೇ" ಅಂದರೆ, "ಕೂತ್ಕೊಳ್ರಿ, ಯಾರು ಬೇಡ ಅಂದೋರು?" ಅನ್ನುತ್ತಾಳೆ. ಮೊರ ಮಾತ್ರ ತೆಗೆಯುವುದಿಲ್ಲ. ನಾನು ಅಂಚಿನಲ್ಲಿ ಕೂರುತ್ತಿದ್ದೇನೆ.

ಮಾವ


ಕೋಲಾರ
16-3-2025

ಮಾವ,

ಅಂಚಿನಲ್ಲಾದರೂ ಕೂರುತ್ತೀರೋ, ಅಥವಾ ಬಸ್ಸು ಬಂದಾಗಲೆಲ್ಲ ಏಳುತ್ತೀರೋ? ನಿಮ್ಮ ಕಾಗದದಲ್ಲಿ ಊರಿನ ಸುದ್ದಿ ಎಷ್ಟು ಹೆಚ್ಚಿರುತ್ತದೋ ನೀವು ಕಲ್ಲಿನ ಮೇಲೆ ಕೂತದ್ದು ಅಷ್ಟು ಕಡಿಮೆ ಅಂತ ನಮ್ಮ ತರಗತಿ ಲೆಕ್ಕ ಹಾಕಿದೆ.

ಇಲ್ಲಿ ಎರಡು ಡಬ್ಬಿ ಹೋದವು. ಬೆಟ್ಟದ ಮೇಲಿನದನ್ನು ಕೋತಿಗಳು ಕಿತ್ತು, ಮುಚ್ಚಳ ತೆಗೆದು, ಒಳಗೆ ತಿನ್ನಲು ಏನೂ ಇಲ್ಲವೆಂದು ಸಿಟ್ಟಾಗಿ ಕಾಗದ ಹರಿದಿದ್ದವು. ಮಾಲೂರಿನದನ್ನು ಕಾರ್ಖಾನೆಯ ಕೆಲಸಗಾರರು, ಮಾಲೀಕರು ಕದ್ದು ನೋಡಲು ಇಟ್ಟ ಕ್ಯಾಮೆರಾ ಅಂದುಕೊಂಡು ಬಾವಿಗೆ ಎಸೆದರು. ಅವರ ತಪ್ಪಲ್ಲ. ನಾವು ಮಾಲೀಕರನ್ನು ಕೇಳಿದ್ದೆವು, ಅವರನ್ನು ಕೇಳಿರಲಿಲ್ಲ.

ಹುಡುಗರು ಮುಖ ಸಣ್ಣ ಮಾಡಿಕೊಂಡು ಕೂತಿದ್ದರು. ಹರಿದ ಚೂರುಗಳನ್ನೇ ಮೇಜಿನ ಮೇಲೆ ಹರಡಿದೆ. ಒಂದು ಚೂರಿನಲ್ಲಿ ಬಂಡೆಯ ಅಂಚು, ಇನ್ನೊಂದರಲ್ಲಿ ಸೂರ್ಯನ ಐದಾರು ಗೆರೆ. ಅದನ್ನೇ ಮಧ್ಯಾಹ್ನವೆಲ್ಲ ನೋಡಿದೆವು. ಮಾಲೂರಿಗೆ ಇಡೀ ತರಗತಿಯನ್ನು ಕರೆದುಕೊಂಡು ಹೋಗಿ ಆ ಕೆಲಸಗಾರರಿಗೆ ಡಬ್ಬಿ ಮಾಡುವುದನ್ನು ಕಲಿಸಿಬಂದೆವು. ಮಾಲೂರಿನ ಚಿತ್ರ ಇನ್ನು ಪ್ರದರ್ಶನಕ್ಕೆ ಸಿಗುವುದಿಲ್ಲ. ಆದರೆ ಈಗ ಅಲ್ಲಿ ಹೆಂಚು ಸುಡುವ ಗೂಡಿನ ಮೇಲೆ ಅವರೇ ಕಟ್ಟಿದ ಡಬ್ಬಿ ಇದೆ.

ಪ್ರಿನ್ಸಿಪಾಲ್ ಮೇಡಂ ಕೋಣೆಯ ಅಳತೆ ತೆಗೆಸಿದ್ದಾರೆ.

ಅನಿತ


ಕೋಲಾರ
24-4-2025

ಮಾವ,

ನಿಮ್ಮಿಂದ ಕಾಗದವಿಲ್ಲ. ಹುಣಸೆಹಣ್ಣಿನ ಕಾಲ, ಬಿಡುವಿಲ್ಲ ಅಂದುಕೊಂಡಿದ್ದೇನೆ. ಬೇರೆ ಏನಾದರೂ ಇದ್ದರೆ ತಿಳಿಸಿ.

ಶ್ರೀನಿವಾಸಪುರದ ಡಬ್ಬಿಯೂ ಹೋಯಿತು. ಮಾವಿನ ಸೀಸನ್ನು ಶುರುವಾಗುವ ಮೊದಲು ಮಂಡಿಗೆ ಸುಣ್ಣ ಹೊಡೆದರಂತೆ. ಡಬ್ಬಿಗೂ ಹೊಡೆದರು. ಎರಡು ಕೋಟು. "ಅಬ್ಬಾಗೆ ಹೇಳೋದು ಮರ್ತೆ ಮೇಡಂ" ಅಂತ ಅಲ್ಫಿಯಾ ಅಳುತ್ತಾ ನಿಂತಿದ್ದಳು.

ಇನ್ನು ಉಳಿದಿರುವುದು ನಿಮ್ಮದೊಂದೇ. ಹೆದರಿಸಲು ಬರೆಯುತ್ತಿಲ್ಲ. ಆದರೆ ನಿಮ್ಮದೊಂದೇ.

ಅನಿತ


ಬೈರಕೂರು
5-5-2025

ಅನಿತಾ,

ಮೊನ್ನೆ ಸಂಜೆ ಆಲಿಕಲ್ಲು ಬಿತ್ತು. ನಿಂಬೆಹಣ್ಣಿನ ಗಾತ್ರ ಅಂತ ಬರೆಯುವುದು ನನ್ನ ರೂಢಿ, ಈ ಸಲ ಗೋಲಿಯಷ್ಟೇ ಇದ್ದವು. ಅಷ್ಟು ಸಾಕಿತ್ತು. ತೋತಾಪುರಿ ಕಾಯಿ ಅರ್ಧಕ್ಕರ್ಧ ನೆಲದ ಮೇಲೆ ಬಿತ್ತು.

ಬಿರುಗಾಳಿಗೆ ಹೊಂಗೆಮರದ ಕೊಂಬೆ ಮುರಿದು ಕಲ್ಲುಕಂಬದ ಕಡೆ ವಾಲಿತು. ಆಗ ನಾನೇ ಮಂಕರಿ ಹಿಡಿದು ಓಡಿದೆ ಅಂತ ಬರೆಯೋಣ ಅಂದುಕೊಂಡಿದ್ದೆ. ಆದರೆ ನಿಮ್ಮತ್ತೆ ಪಕ್ಕದಲ್ಲೇ ಕೂತಿದ್ದಾಳೆ, ಬರೆದದ್ದನ್ನು ಓದಿಸಿ ಕೇಳುತ್ತಾಳೆ. ಓಡಿದ್ದು ಅವಳು. ಸೊಪ್ಪಿನ ಮಂಕರಿಯನ್ನು ಡಬ್ಬಿಗೆ ಕವುಚಿ, ಎರಡೂ ಕೈಯಲ್ಲಿ ಕಂಬವನ್ನು ಅಪ್ಪಿಕೊಂಡು ನಿಂತುಬಿಟ್ಟಳು. ಬೆನ್ನ ಮೇಲೆ ಆಲಿಕಲ್ಲು ಬೀಳುತ್ತಿತ್ತು. ನಾನು ಬಾಗಿಲಲ್ಲಿ ನಿಂತು, "ಲೇ ಬಾರೇ ಒಳಗೆ, ತಲೆ ಒಡೆಯುತ್ತೆ!" ಅಂತ ಕೂಗಿದೆ.

"ಹುಡುಗಿದು ಇದೊಂದೇ ಉಳ್ದಿರೋದು ಕಣ್ರೀ!" ಅಂದಳು.

ಆಮೇಲೆ ನಾನೂ ಹೋದೆ. ಇದನ್ನು ಬರೆಯಲು ಅವಳ ಅಡ್ಡಿ ಇಲ್ಲ. ಗೋಣಿಚೀಲ ತೆಗೆದುಕೊಂಡು ಹೋಗಿ ಅವಳ ಬೆನ್ನಿಗೆ ಹಿಡಿದು ನಿಂತೆ.

ಡಬ್ಬಿ ಜಾಗ ಬಿಟ್ಟು ಕದಲಿಲ್ಲ. ನಾನು ಹಾಕಿದ ಆ ಎರಡು ಸುತ್ತು ತಂತಿಯನ್ನೂ ನೆನಪಿಟ್ಟುಕೋ. ಅವಳ ಬೆನ್ನಿಗೆ ಎಣ್ಣೆ ಕಾಯಿಸಿ ಹಚ್ಚಿದ್ದೇನೆ. ಇವತ್ತು ಬೆಳಗ್ಗೆ ನೋಡಿದರೆ ಮತ್ತೆ ಕಲ್ಲಿನ ಮೇಲೆ. ಬಿದ್ದ ಮಾವಿನಕಾಯಿ ಹೆಚ್ಚುತ್ತಿದ್ದಾಳೆ.

ಅಲ್ಫಿಯಾಗೆ ಹೇಳು, ಅಳಬಾರದು ಅಂತ.

ಮಾವ


ಕೋಲಾರ
30-6-2025

ಮಾವ,

ಜೂನ್ ಇಪ್ಪತ್ತೆರಡಕ್ಕೆ ಅಲ್ಫಿಯಾ ನಿಮ್ಮಲ್ಲಿಂದ ಡಬ್ಬಿಯನ್ನು ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ತಂದಳು. ಪಕ್ಕದ ಸೀಟು ಖಾಲಿಯಿದ್ದರೂ ಅಲ್ಲಿ ಇಡಲಿಲ್ಲವಂತೆ. ಕತ್ತಲೆಕೋಣೆಯಲ್ಲಿ ಕೆಂಪು ದೀಪ ಹಾಕಿ, ಎಲ್ಲರೂ ಸುತ್ತ ನಿಂತು ತೆಗೆದೆವು.

ಚಿತ್ರವನ್ನು ಇದರ ಜೊತೆ ಕಳಿಸಿದ್ದೇನೆ. ಮೊದಲು ನೋಡಿ, ಆಮೇಲೆ ಓದಿ.

ಆಕಾಶದಲ್ಲಿ ಓರೆಯಾಗಿ ಏರಿರುವ ಗೆರೆಗಳೆಲ್ಲ ಸೂರ್ಯನವು. ಅಲ್ಲಲ್ಲಿ ಗೆರೆ ಕಡಿದಿದ್ದರೆ ಅವತ್ತು ಮೋಡವಿತ್ತು. ಕೆಳಗೆ ಮಾವಿನ ತೋಪು, ಹೊಂಗೆಮರ. ಅದರ ಮುರಿದ ಕೊಂಬೆ ಇದೆಯೋ ಇಲ್ಲವೋ ಎಂಬಂತೆ ತೆಳ್ಳಗೆ ಕಾಣುತ್ತದೆ, ಮೇ ತಿಂಗಳವರೆಗೆ ಮಾತ್ರ ಇತ್ತಲ್ಲ. ನೀವು ಎಲ್ಲೂ ಇಲ್ಲ ಮಾವ. ಭೂತಗನ್ನಡಿ ಹಿಡಿದು ಹುಡುಕಿದೆ.

ಕಲ್ಲಿನ ಮೇಲೆ ಅತ್ತೆ ಇದ್ದಾರೆ.

ಮುಖ ಇಲ್ಲ. ಕೈಗಳೂ ಇಲ್ಲ, ಅವು ಒಂದು ಗಳಿಗೆಯೂ ಸುಮ್ಮನಿರಲಿಲ್ಲ. ಆದರೆ ಬಾಗಿದ ಬೆನ್ನು, ಹೆಗಲು, ತುರುಬು, ಮಡಿಸಿದ ಮಂಡಿ, ಎಲ್ಲ ಹೊಗೆಯಲ್ಲಿ ಬರೆದ ಹಾಗೆ ಮೂಡಿವೆ. ಅವರೆಕಾಯಿ, ಹುಣಸೆಹಣ್ಣು, ಮಾವಿನಕಾಯಿ ಎಲ್ಲ ಬಂದು ಹೋದವು, ಅವರು ಮಾತ್ರ ಅಲ್ಲೇ ಇದ್ದರು. ನಾನು ಕ್ಯಾಮೆರಾ ಹಿಡಿದು ಹಿಂದೆ ಹಿಂದೆ ಓಡಾಡಿದರೂ ಸಿಗದವರು, ನನ್ನ ಡಬ್ಬಿ ಕಾಯಲು ಕೂತು ಸಿಕ್ಕಿಬಿಟ್ಟರು. ಎಷ್ಟು ಹೊತ್ತು ನಿಂತಿದ್ದೆ ಅಂತ ಮಕ್ಕಳನ್ನು ಕೇಳುತ್ತೇನಲ್ಲ, ಈ ಚಿತ್ರದ ಮುಂದೆ ನಾನು ಎಷ್ಟು ಹೊತ್ತು ನಿಂತಿದ್ದೆನೋ ನನಗೇ ಗೊತ್ತಿಲ್ಲ.

ಇನ್ನು ನಿಮ್ಮ ವಿಷಯ. ಗೆರೆಗಳ ನಡುವೆ ಒಂದು ಅಗಲವಾದ ಕಪ್ಪು ಪಟ್ಟಿ ಇದೆ ನೋಡಿ. ಅಲ್ಲಿ ಸೂರ್ಯನೇ ಇಲ್ಲ. ಪ್ರದರ್ಶನದ ದಿನ ಪ್ರಿನ್ಸಿಪಾಲ್ ಮೇಡಂ ಅದರ ಮುಂದೆ ನಿಂತು, "ಇದೇನು, ಇಷ್ಟು ದಿನ ಮೋಡವಾ?" ಅಂದರು. ನಾನು ಪಕ್ಕದಲ್ಲಿ ತೂಗುಹಾಕಿದ್ದ ನಿಮ್ಮ ಜನವರಿಯ ಕಾಗದ ತೋರಿಸಿದೆ. ಊಜಿನೊಣದ ಮಾತು ಬರುವ ಹೊತ್ತಿಗೆ ಕನ್ನಡಕ ತೆಗೆದು ಕಣ್ಣು ಒರೆಸಿಕೊಳ್ಳುತ್ತಾ ನಗುತ್ತಿದ್ದರು. ಆಮೇಲೆ ನಗು ನಿಲ್ಲಿಸಿ ಅತ್ತೆಯನ್ನು ತುಂಬಾ ಹೊತ್ತು ನೋಡಿದರು. ಹೋಗುವಾಗ, "ಬೀರುಗಳು ಈ ವರ್ಷ ವರಾಂಡದಲ್ಲೇ ಇರ್ಲಿ ಅನಿತಾ" ಅಂದರು.

ಒಂದು ವರ್ಷ ಸಿಕ್ಕಿದೆ ಮಾವ.

ಅನಿತ


ಬೈರಕೂರು
9-7-2025

ಅಮ್ಮಾಯಿ,

ಚಿತ್ರ ನೋಡಿದ ಕೂಡಲೇ ನನ್ನನ್ನೇ ಹುಡುಕಿದೆ. ನಿನ್ನ ಭೂತಗನ್ನಡಿಗೆ ಕಾಣದ್ದು ನನ್ನ ಕಣ್ಣಿಗೆ ಕಂಡೀತು ಅಂದುಕೊಂಡೆ. ಕಾಣಲಿಲ್ಲ. ಹಚ್ಚಿದ ಎಣ್ಣೆ ಎಲ್ಲ ದಂಡವಾಯಿತು.

ಬೈರಮ್ಮನಿಗೆ ಕೊಟ್ಟೆ. ಕೈ ಒರೆಸಿಕೊಂಡು ತೆಗೆದುಕೊಂಡಳು. ಸೆರಗು ಎಳೆದುಕೊಳ್ಳಲಿಲ್ಲ.

"ನನ್ನ ಬೆನ್ನು ಇಷ್ಟು ಬಾಗಿದೆಯೇನ್ರೀ?" ಅಂದಳು. ಆಮೇಲೆ, "ಕೈ ಎಲ್ಲಿ?"

ನೀನು ಬರೆದ ಹಾಗೆಯೇ ಬಿಡಿಸಿ ಹೇಳಿದೆ. ಕೆಲಸ ಮಾಡುವ ಕೈ ಈ ಡಬ್ಬಿಗೆ ಸಿಗುವುದಿಲ್ಲ ಅಂದೆ. ತನ್ನ ಕೈಗಳನ್ನು ಮುಂದೆ ಚಾಚಿ ನೋಡಿಕೊಂಡಳು. "ಅನಿತಾಗೆ ಬರೀರಿ, ನಾನಂದೆ ಅಂತ" ಅಂದಳು. ಏನು ಬರೆಯಲಿ ಅಂದರೆ ಹೇಳಲಿಲ್ಲ. ಅಷ್ಟನ್ನೇ ಬರೆದಿದ್ದೇನೆ. ನಿನಗೆ ತಿಳಿಯುತ್ತದೆ.

ಅಮ್ಮಾಯಿ, ನಾನು ಬಾಯಿ ದೊಡ್ಡದು ಮಾಡುವವನು, ನಿನಗೆ ಗೊತ್ತು. ಆದರೆ ಇದೊಂದು ಮಾತು ದೊಡ್ಡದು ಮಾಡದೆ ಹೇಳುತ್ತೇನೆ. ಇಷ್ಟು ವರ್ಷ ಆ ಬೆನ್ನಿನ ಪಕ್ಕದಲ್ಲೇ ಓಡಾಡಿದ್ದೇನೆ. ನೋಡಿದ್ದು ಈಗ, ನಿನ್ನ ಹಾಲುಪುಡಿ ಡಬ್ಬಿಯಲ್ಲಿ. ಇಂಥ ಪಾಠ ಹೇಳುವವಳ ಕೋಣೆಗೆ ಬೀರು ತುಂಬುತ್ತಾರಂತೆ! ಮುಂದಿನ ವರ್ಷ ಮತ್ತೆ ಕೇಳಿದರೆ ನನಗೆ ಬರೆ. ನಾನೇ ಬರುತ್ತೇನೆ. ಇಲ್ಲ, ನಿಮ್ಮತ್ತೆಯನ್ನು ಕಳಿಸುತ್ತೇನೆ. ಬಾಗಿಲಲ್ಲಿ ಮೊರ ಹಾಕಿಕೊಂಡು ಕೂತರೆ ಯಾವ ಬೀರು ಒಳಗೆ ಹೋಗುತ್ತದೋ ನೋಡೋಣ.

ನನ್ನ ಕಪ್ಪು ಪಟ್ಟಿಯನ್ನು ಊರಿಗೆಲ್ಲ ತೋರಿಸಿದ್ದಾಯಿತು. ಕದಿರೇಶ, "ಇದೇನು ಮಾಮಾ, ನಿಮ್ಮ ಫೋಟೋ ಎಲ್ಲಿ?" ಅಂದ. "ಫೋಟೋಗೆ ಎಲ್ಲರೂ ಬರ್ತಾರೆ ಕಣೋ. ಸೂರ್ಯನಿಗೇ ಮೇಣ ಮೆತ್ತಿ ನಿಲ್ಸಿದೋನು ಯಾರಿದ್ದಾನೆ ತೋರ್ಸು" ಅಂದೆ.

ಡಿಸೆಂಬರಿಗೆ ಇನ್ನೊಂದು ಡಬ್ಬಿ ಕಳಿಸು. ತೂತು ಇರಲಿ.

ಕಂಬ ಈಗ ಖಾಲಿ. ಆದರೂ ನಿಮ್ಮತ್ತೆ ದಿನಾ ಬೆಳಗ್ಗೆ ಮೊರ ತೆಗೆದುಕೊಂಡು ಅಲ್ಲಿಗೇ ಹೋಗಿ ಕೂರುತ್ತಾಳೆ. ಇವತ್ತು ಕಲ್ಲಿನ ಒಂದು ಬದಿಗೆ ಸರಿದು, ಒಬ್ಬರು ಕೂರುವಷ್ಟು ಜಾಗ ಬಿಟ್ಟಿದ್ದಳು. ನಾನು ಕೇಳಿರಲಿಲ್ಲ. ಹೋಗಿ ಕೂತೆ. ಬಸ್ಸು ಬಂತು, ಹೋಯಿತು. ಯಾರು ಇಳಿದರೋ ಗೊತ್ತಿಲ್ಲ.

ನಿನ್ನ ಮಾವ,
ಸೊಣ್ಣಪ್ಪ